ಎರಡೂವರೆ ಲಕ್ಷ ಕಿ.ಮೀ. ಓಡಿದ ಡೀಸೆಲ್ ಗಾಡಿ: ನಂಬಿಕೊಂಡು ಘಾಟಿ ಇಳಿಯಬಹುದಾ?

ಹಬ್ಬಕ್ಕೆ ಊರಿಗೆ ಹೋಗೋ ಮಾತು ಬಂತು ಅಂದ್ರೆ ಹಳೇ ಡೀಸೆಲ್ ಕಾರು ಇರೋ ಮನೆಗಳಲ್ಲಿ ಒಂದು ವಾದ ಗ್ಯಾರಂಟಿ. "ನಮ್ಮ ಗಾಡಿ ಇರುವಾಗ ಬಸ್ಸು ಯಾಕೆ?" ಅನ್ನೋದು ಅಪ್ಪಂದಿರ ಪಕ್ಷ. "ಮೀಟರ್ ನೋಡಿದ್ದೀರಾ? ಶಿರಾಡಿ ಮಧ್ಯೆ ನಿಂತ್ರೆ ಏನ್ ಮಾಡೋದು?" ಅನ್ನೋದು ಮಕ್ಕಳ ಪಕ್ಷ. ಕೊನೆಗೆ ಯಾರ ಧ್ವನಿ ಜೋರೋ ಅವರ ಮಾತು ನಡೆಯುತ್ತೆ. ಬಾನೆಟ್ ಎತ್ತಿ ಗಾಡಿ ಹೇಗಿದೆ ಅಂತ ನೋಡಿದವರು ಮಾತ್ರ ಎರಡೂ ಪಕ್ಷದಲ್ಲಿ ಇರಲ್ಲ.

ಈ ಪ್ರಶ್ನೆ ಈಗ ತುಂಬಾ ಮನೆಗಳದ್ದು. ಹತ್ತು ಹನ್ನೆರಡು ವರ್ಷದ ಹಿಂದೆ ಡೀಸೆಲ್ ಅಗ್ಗ, ಮೈಲೇಜ್ ಜಾಸ್ತಿ ಅಂತ ಸ್ವಿಫ್ಟ್, ಡಿಸೈರ್, ಇಂಡಿಗೋ, ಇನ್ನೋವಾ ತಗೊಂಡವರು ಲೆಕ್ಕವಿಲ್ಲದಷ್ಟು ಜನ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾರೋದನ್ನೇ ನಿಲ್ಲಿಸಿತು. ಶೋರೂಮ್‌ನಿಂದ ಸಣ್ಣ ಡೀಸೆಲ್ ಕಾರುಗಳು ಮಾಯವಾದವು, ಆದ್ರೆ ಮನೆ ಮುಂದಿನಿಂದ ಆಗಲಿಲ್ಲ. ಅಪ್ಪ ಓಡಿಸುತ್ತಿದ್ದ ಗಾಡಿಯ ಕೀ ಈಗ ಮಗಳ ಕೈಗೋ ಮಗನ ಕೈಗೋ ಬಂದಿದೆ.

ನಮ್ಮ ಮನೆಯದ್ದೂ ಅಂಥದ್ದೇ ಒಂದು. 2011ರ ಮಾಡೆಲ್, 1248 ಸಿಸಿ ಡೀಸೆಲ್ ಎಂಜಿನ್, ಮೀಟರಿನಲ್ಲಿ 2,60,000 ದಾಟಿದೆ. ವರ್ಷಕ್ಕೆ ಮೂರು ನಾಲ್ಕು ಸಲ ಬೆಂಗಳೂರಿಂದ ಪುತ್ತೂರು ಕಡೆಗೆ ಹೋಗಿಬರುತ್ತೆ. ಹದಿನೈದು ವರ್ಷ ತುಂಬೋ ಹೊತ್ತಿಗೆ "ಇಟ್ಟುಕೊಳ್ಳೋದಾ, ಬಿಡೋದಾ" ಅಂತ ತೀರ್ಮಾನ ಮಾಡಬೇಕಾಗಿ ಬಂತು. ಆಗ ಕೂತು ಹಾಕಿದ ಲೆಕ್ಕ, ಗ್ಯಾರೇಜಿನಲ್ಲಿ ನಿಂತು ಕಲಿತ ವಿಷಯ, ಎರಡೂ ಸೇರಿಸಿ ಇಲ್ಲಿ ಬರೆದಿದ್ದೀನಿ.

ಮೀಟರ್ ಹೇಳೋದು ಅರ್ಧ ಕಥೆ

ಒಂದು ಸಣ್ಣ ಗುಣಾಕಾರ ಭಾಗಾಕಾರ ಮಾಡಿ ನೋಡಿ. ಸಿಲ್ಕ್ ಬೋರ್ಡ್, ಹೆಬ್ಬಾಳ ಅಂತ ಸುತ್ತೋ ಗಾಡಿ ಗಂಟೆಗೆ ಸರಾಸರಿ 20 ಕಿ.ಮೀ. ಹೋಗುತ್ತೆ ಅಂದ್ಕೊಳ್ಳಿ. ಒಂದು ಲಕ್ಷ ಕಿ.ಮೀ. ಮುಟ್ಟೋಕೆ ಅದರ ಎಂಜಿನ್ 5,000 ಗಂಟೆ ತಿರುಗಬೇಕು. ಅದೇ ಹುಬ್ಬಳ್ಳಿ–ಬೆಂಗಳೂರು ಹೈವೇಯಲ್ಲಿ ಗಂಟೆಗೆ 60ರ ಸರಾಸರಿಯಲ್ಲಿ ಓಡಿದ ಗಾಡಿಗೆ ಅದೇ ಒಂದು ಲಕ್ಷಕ್ಕೆ ಸುಮಾರು 1,670 ಗಂಟೆ ಸಾಕು. ಮೀಟರ್ ಎರಡರಲ್ಲೂ ಒಂದೇ. ಎಂಜಿನ್ ಪಟ್ಟ ಪಾಡು ಮೂರು ಪಟ್ಟು ವ್ಯತ್ಯಾಸ. ಕ್ಲಚ್ಚು, ಬ್ರೇಕು, ಗೇರುಗಳ ಸವೆತವೂ ಹಾಗೇ.

ಆದ್ದರಿಂದ ಎರಡೂವರೆ ಲಕ್ಷ ಅನ್ನೋ ಸಂಖ್ಯೆ ನೋಡಿ ಹೆದರೋದೂ ಬೇಡ, "ಬರೀ 70 ಸಾವಿರ ಓಡಿದೆ" ಅಂತ ಮೈಮರೆಯೋದೂ ಬೇಡ. ಹತ್ತು ವರ್ಷ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತು ವಾರಕ್ಕೊಮ್ಮೆ ತರಕಾರಿ ತರೋಕೆ ಹೋದ ಡೀಸೆಲ್ ಗಾಡಿ, ತಿಂಗಳಿಗೆ ಎರಡು ಸಲ ಊರು ನೋಡಿಬಂದ ಗಾಡಿಗಿಂತ ಜಾಸ್ತಿ ತೊಂದರೆ ಕೊಡಬಹುದು. ಟ್ಯಾಂಕಿನ ತಳದಲ್ಲಿ ನೀರು ಸೇರುತ್ತೆ, ಬ್ಯಾಟರಿ ಸೋಲುತ್ತೆ, ರಬ್ಬರ್ ಬಿರಿಯುತ್ತೆ.

ಡೀಸೆಲ್ ಎಂಜಿನ್ ಯಾಕೆ ಬಾಳಿಕೆ ಬರುತ್ತೆ?

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಿ ಇಂಧನ ಉರಿಸ್ತಾರೆ. ಡೀಸೆಲ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನ ಹದಿನಾರು ಹದಿನೆಂಟು ಪಾಲು ಒತ್ತಿದಾಗ ಹುಟ್ಟೋ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತೆ. ಅಷ್ಟು ಒತ್ತಡ ತಡೆಯಬೇಕು ಅಂದ್ರೆ ಎಂಜಿನ್ನಿನ ಬ್ಲಾಕು, ಪಿಸ್ಟನ್ನು, ಕ್ರ್ಯಾಂಕು ಎಲ್ಲ ಗಟ್ಟಿಮುಟ್ಟಾಗಿರಲೇಬೇಕು. ಜೊತೆಗೆ ಅದು ನಿಧಾನಕ್ಕೆ ತಿರುಗುತ್ತೆ. ಟಾಪ್ ಗೇರಿನಲ್ಲಿ ಗಂಟೆಗೆ 80ರಲ್ಲಿ ಹೋಗುವಾಗ ಟ್ಯಾಕೋಮೀಟರ್ ನೋಡಿ, ಎರಡು ಸಾವಿರದ ಆಸುಪಾಸಿನಲ್ಲೇ ಇರುತ್ತೆ. ಕಡಿಮೆ ತಿರುಗಿದರೆ ಕಡಿಮೆ ಸವೆತ. ಹೈವೇ ಓಟ ಡೀಸೆಲ್‌ಗೆ ಹೇಳಿ ಮಾಡಿಸಿದ ಕೆಲಸ.

ಇದಕ್ಕೆ ಜಗತ್ತೇ ಒಪ್ಪಿದ ಒಂದು ಉದಾಹರಣೆ ಇದೆ. ಗ್ರೀಸ್ ದೇಶದ ಟ್ಯಾಕ್ಸಿ ಚಾಲಕ ಗ್ರಿಗೋರಿಯೋಸ್ ಸಾಚಿನಿಡಿಸ್ 1976ರ ಮಾಡೆಲ್ ಮರ್ಸಿಡಿಸ್ 240ಡಿ ಕಾರನ್ನ 46 ಲಕ್ಷ ಕಿ.ಮೀ. ಓಡಿಸಿದ. 2004ರಲ್ಲಿ ಕಂಪನಿಯೇ ಅದನ್ನ ತನ್ನ ಮ್ಯೂಸಿಯಂಗೆ ತೆಗೆದುಕೊಂಡಿತು. ಈ ಕಥೆ ಹೇಳುವಾಗ ಜನ ಒಂದು ಭಾಗ ಬಿಟ್ಟುಬಿಡ್ತಾರೆ: ಆತ ಎಂಜಿನನ್ನೇ ಹಲವು ಸಲ ಇಳಿಸಿ ಬದಲಿಸಿದ್ದ. ಅಷ್ಟು ದೂರ ಹೋಗಿದ್ದು ಲೋಹದ ಮಹಿಮೆಯಷ್ಟೇ ಅಲ್ಲ, ನೋಡಿಕೊಂಡವನ ಕೈಗುಣವೂ ಹೌದು.

ದಾರಿಯಲ್ಲಿ ಕೈಕೊಡೋದು ಎಂಜಿನ್ ಅಲ್ಲ

ಗ್ಯಾರೇಜಿನಲ್ಲಿ ಮೂವತ್ತು ವರ್ಷದಿಂದ ಡೀಸೆಲ್ ಗಾಡಿ ನೋಡ್ತಿರೋ ನಮ್ಮ ಮೆಕ್ಯಾನಿಕ್ ಅಣ್ಣ ಒಂದು ಮಾತು ಹೇಳ್ತಾರೆ: "ಎಂಜಿನ್ ಸಾಯೋಕೆ ವರ್ಷಗಟ್ಟಲೆ ತಗೊಳ್ಳುತ್ತೆ ಸಾರ್. ಗಾಡಿ ನಿಲ್ಸೋದು ನೂರಿನ್ನೂರು ರೂಪಾಯಿ ಪೈಪು." ಹಳೇ ಗಾಡಿಯ ಬಗ್ಗೆ ಇದಕ್ಕಿಂತ ಉಪಯೋಗದ ಮಾತು ನಾನು ಕೇಳಿಲ್ಲ. ಕಬ್ಬಿಣ ಕಿಲೋಮೀಟರಿಗೆ ಸವೆಯುತ್ತೆ. ರಬ್ಬರು, ಪ್ಲಾಸ್ಟಿಕ್ಕು ವರ್ಷಕ್ಕೆ ಸವೆಯುತ್ತೆ, ಓಡಿಸಿದ್ರೂ, ನಿಲ್ಲಿಸಿದ್ರೂ. ದೂರದ ಓಟಕ್ಕೆ ಮುಂಚೆ ಇವನ್ನ ವಿಚಾರಿಸಿಕೊಳ್ಳಿ:

• ಕೂಲೆಂಟ್ ಪೈಪುಗಳು, ರೇಡಿಯೇಟರ್ ಮುಚ್ಚಳ. ಎಂಜಿನ್ ತಣ್ಣಗಿದ್ದಾಗ ಪೈಪನ್ನ ಬೆರಳಲ್ಲಿ ಹಿಸುಕಿ. ಚಕ್ಕೆಯಂತೆ ಗಟ್ಟಿಯಾಗಿದ್ರೆ, ಬಿರುಕಿದ್ರೆ, ತುದಿ ಊದಿಕೊಂಡಿದ್ರೆ ಬದಲಿಸಿ. ಬರೀ ನೀರು ಹಾಕಿ ಓಡಿಸೋ ಅಭ್ಯಾಸ ಬೇಡ. ಕೂಲೆಂಟ್ ಬೆರೆಸಿದ ನೀರು ತಡವಾಗಿ ಕುದಿಯುತ್ತೆ, ಒಳಗೆ ತುಕ್ಕು ಹಿಡಿಯೋದನ್ನೂ ತಡೆಯುತ್ತೆ.

• ಫ್ಯಾನ್ ಬೆಲ್ಟ್. ಹೊರಗೆ ಕಾಣೋ ಈ ಬೆಲ್ಟು ಆಲ್ಟರ್ನೇಟರನ್ನ, ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪನ್ನೂ ತಿರುಗಿಸುತ್ತೆ. ಕಿತ್ತು ಹೋದ್ರೆ ಬ್ಯಾಟರಿ ಚಾರ್ಜ್ ಆಗಲ್ಲ, ಎಂಜಿನ್ ಹೀಟ್ ಆಗುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಿರ್ರ್ ಅಂತಿದ್ರೆ ಅದು ಕರೆ ಕೊಡ್ತಿದೆ ಅಂತಲೇ ಅರ್ಥ.

• ಟೈಮಿಂಗ್ ಬೆಲ್ಟ್ ಅಥವಾ ಚೈನ್. ನಿಮ್ಮ ಗಾಡಿಯಲ್ಲಿ ಯಾವುದಿದೆ ಅಂತ ಮೊದಲು ತಿಳ್ಕೊಳ್ಳಿ. ಹಳೇ 2.5 ಲೀಟರ್ ಇನ್ನೋವಾದಲ್ಲಿ ಬೆಲ್ಟ್. ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅಂತ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತೆ. ಓಡ್ತಿರುವಾಗ ಅದು ಕಿತ್ತರೆ ಪಿಸ್ಟನ್ ಹೋಗಿ ವಾಲ್ವ್‌ಗಳಿಗೆ ಹೊಡೆದು ದೊಡ್ಡ ಖರ್ಚು ಬರುತ್ತೆ. ಫಿಯೆಟ್ ವಿನ್ಯಾಸದ 1.3 ಲೀಟರ್ ಎಂಜಿನ್ನಿನಲ್ಲಿ (ಮಾರುತಿ, ಟಾಟಾ, ಫಿಯೆಟ್ ಮೂರೂ ಬಳಸಿದ್ದು ಇದನ್ನೇ) ಚೈನ್ ಇದೆ. ಆಯಿಲ್ ಸರಿಯಾಗಿ ಬದಲಿಸದಿದ್ರೆ ಅದೂ ಸಡಿಲ ಆಗುತ್ತೆ.

• ಡೀಸೆಲ್ ಫಿಲ್ಟರ್. ಅದರ ತಳದಲ್ಲಿ ನೀರು ನಿಲ್ಲುತ್ತೆ. ಮೆಕ್ಯಾನಿಕ್ ಹತ್ರ ಹೇಳಿ ನೀರು ಬಸಿಸಿ, ಬದಲಿಸೋ ಹೊತ್ತಾಗಿದ್ರೆ ಬದಲಿಸಿ. ಹೊಸ ಕಾಲದ ಇಂಜೆಕ್ಟರ್‌ಗಳು ಸೂಕ್ಷ್ಮ. ಕೊಳೆ, ನೀರು ತಾಗಿ ಕೆಟ್ಟರೆ ನಾಲ್ಕನ್ನೂ ಬದಲಿಸೋ ಬಿಲ್ಲು ಒಂದು ತಿಂಗಳ ಸಂಬಳ ನುಂಗಬಹುದು. ಟ್ಯಾಂಕ್ ಪೂರ್ತಿ ಖಾಲಿ ಆಗೋವರೆಗೆ ಓಡಿಸಲೂಬೇಡಿ. ಡೀಸೆಲ್ ಗಾಡಿಯಲ್ಲಿ ಪೈಪಿನೊಳಗೆ ಗಾಳಿ ಸೇರಿಕೊಂಡ್ರೆ, ಆಮೇಲೆ ಕ್ಯಾನಲ್ಲಿ ಡೀಸೆಲ್ ತಂದು ಸುರಿದರೂ ಸುಲಭಕ್ಕೆ ಸ್ಟಾರ್ಟ್ ಆಗಲ್ಲ.

• ಬ್ರೇಕ್ ಆಯಿಲ್. ಎಲ್ಲರೂ ಮರೆಯೋದು ಇದನ್ನೇ. ಇದು ಗಾಳಿಯಲ್ಲಿರೋ ತೇವ ಹೀರಿಕೊಳ್ಳುತ್ತೆ. ಡಾಟ್-4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅನ್ನೋದು ನಿಯಮ. ತೇವ ಹೀರಿದ ಮೇಲಿನ ಮಿತಿ 155 ಡಿಗ್ರಿ. ಘಾಟಿ ಇಳಿಯುವಾಗ ಬ್ರೇಕ್ ಕಾದು ಈ ಆಯಿಲ್ ಕುದ್ದರೆ ಪೆಡಲ್ ಮೆತ್ತಗೆ ಕೆಳಗಿಳಿಯುತ್ತೆ, ಗಾಡಿ ನಿಲ್ಲಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿದ್ರೆ ಈ ಭಯ ಇಲ್ಲ.

• ಟೈರ್. ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಗೆರೆ ಚೆನ್ನಾಗಿದ್ರೂ ಪಕ್ಕ ಬಿರುಕು ಬಿಟ್ಟಿದ್ರೆ ದೂರದ ಓಟಕ್ಕೆ ಬೇಡ. ಸ್ಟೆಪ್ನಿಯ ಗಾಳಿಯನ್ನೂ ನೋಡಿ. ಜಾಕಿ, ವೀಲ್ ಸ್ಪ್ಯಾನರ್ ಗಾಡಿಯಲ್ಲೇ ಇದೆಯಾ ಅಂತಲೂ ನೋಡಿ.

• ಬ್ಯಾಟರಿ. ರಾತ್ರಿ ನಿಂತ ಗಾಡಿಯಲ್ಲಿ ಬೆಳಿಗ್ಗೆ 12.6 ವೋಲ್ಟ್ ಹತ್ತಿರ, ಎಂಜಿನ್ ಓಡ್ತಿರುವಾಗ 14ರ ಆಸುಪಾಸು ಇದ್ರೆ ಬ್ಯಾಟರಿ, ಆಲ್ಟರ್ನೇಟರ್ ಎರಡೂ ಸರಿ ಇವೆ ಅಂತ. ಡೀಸೆಲ್ ಎಂಜಿನ್ ತಿರುಗಿಸೋಕೆ ಬ್ಯಾಟರಿಗೆ ಜಾಸ್ತಿ ಕಸುವು ಬೇಕು.

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಬೇಡ

ಶುಕ್ರವಾರ ರಾತ್ರಿ ಹೊರಡೋದು, ಗುರುವಾರ ಸಂಜೆ ಸರ್ವೀಸಿಗೆ ಬಿಡೋದು: ಐಟಿ ಕೆಲಸದವರ ಸಾಮಾನ್ಯ ಪದ್ಧತಿ ಇದು. ಅದರಲ್ಲಿ ತೊಂದರೆ ಏನು ಅಂದ್ರೆ, ಗಾಡಿ ಕೆಡೋದು ಕೆಲವೊಮ್ಮೆ ಸರ್ವೀಸ್ ಆದ ಮೇಲೆ. ಕ್ಲಿಪ್ ಸರಿಯಾಗಿ ಬಿಗಿಯದೆ ಪೈಪ್ ಸೋರುತ್ತೆ, ಹೊಸ ಬೆಲ್ಟ್ ಸಡಿಲ ಆಗುತ್ತೆ, ಆಯಿಲ್ ಡ್ರೈನ್ ಬೋಲ್ಟಲ್ಲಿ ತೊಟ್ಟಿಕ್ಕುತ್ತೆ. ಇವು ಗೊತ್ತಾಗೋಕೆ ನಾಲ್ಕು ದಿನ ಬೇಕು.

ಅದಕ್ಕೇ ಮೂರು ವಾರ ಮುಂಚೆ ಗಾಡಿ ಗ್ಯಾರೇಜಿಗೆ ಹೋಗಲಿ. "ಜನರಲ್ ಸರ್ವೀಸ್ ಮಾಡಿ" ಅಂತ ಹೇಳಿ ಬರಬೇಡಿ. "ಪೈಪು, ಬೆಲ್ಟು, ಬ್ರೇಕ್ ಪ್ಯಾಡು, ಕೆಳಗಿನ ಬುಷ್ಷು, ಬಾಲ್ ಜಾಯಿಂಟು ನೋಡಿ ಹೇಳಿ, ಘಾಟಿ ಇಳಿಯಬೇಕು" ಅಂತ ಹೇಳಿ. ಕೆಲಸ ಮಾಡೋವನಿಗೆ ಎಲ್ಲಿಗೆ ಹೋಗ್ತೀರಿ ಅಂತ ಗೊತ್ತಿದ್ರೆ ನೋಡೋ ರೀತಿಯೇ ಬೇರೆ. ಎರಡನೇ ವಾರ ಒಂದು ಸಣ್ಣ ಓಟ, ನಂದಿ ಬೆಟ್ಟವೋ ಸಾವನದುರ್ಗವೋ. ನೂರಿನ್ನೂರು ಕಿ.ಮೀ. ಓಡಿಸಿ, ಎಸಿ ಹಾಕಿಕೊಂಡು ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಬಿಟ್ಟು, ರೇಡಿಯೇಟರ್ ಫ್ಯಾನ್ ತಿರುಗುತ್ತಾ, ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ನಿಲ್ಲುತ್ತಾ ನೋಡಿ. ಮನೆಗೆ ಬಂದು ನಿಲ್ಲಿಸಿದ ಜಾಗದಲ್ಲಿ ಒಂದು ಹಳೇ ಪೇಪರ್ ಹಾಸಿ. ಬೆಳಿಗ್ಗೆ ಪೇಪರ್ ಮೇಲೆ ಯಾವ ಬಣ್ಣದ ಹನಿ ಇದೆ ಅಂತ ನೋಡಿದ್ರೆ ಅರ್ಧ ವರದಿ ಸಿಕ್ಕಂತೆ. ಕಪ್ಪು, ಕಂದು ಆಯಿಲ್. ಹಸಿರು, ಗುಲಾಬಿ ಕೂಲೆಂಟ್. ಬರೀ ನೀರಾದ್ರೆ ಎಸಿಯದ್ದು, ಚಿಂತೆ ಇಲ್ಲ.

ಮಳೆಗಾಲದಲ್ಲಿ ಈ "ನಿಂತಲ್ಲೇ ಎಂಜಿನ್ ಓಡಿಸೋ" ಪರೀಕ್ಷೆ ಇನ್ನೂ ಮುಖ್ಯ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚಾರ ನಿಂತೇಹೋಗಿತ್ತು. ಅಂಥ ದಿನಗಳಲ್ಲಿ ಗಂಟೆಗಟ್ಟಲೆ ಸಾಲಲ್ಲಿ ನಿಲ್ಲಬೇಕು, ಇಲ್ಲವೇ ಬಳಸು ದಾರಿ ಹಿಡಿದು ಇನ್ನೊಂದು ಘಾಟಿ ಹತ್ತಬೇಕು. ಹೈವೇ ಗಾಳಿಗೆ ತಣ್ಣಗಿದ್ದ ಎಂಜಿನ್, ಸಾಲಲ್ಲಿ ನಿಂತಾಗ ಫ್ಯಾನ್ ಒಂದನ್ನೇ ನಂಬಿಕೊಂಡಿರುತ್ತೆ.

ಘಾಟಿಯಲ್ಲಿ

ಹತ್ತೋಕೆ ಯಾವ ಗೇರು ಬೇಕಾಗುತ್ತೋ ಇಳಿಯೋಕೂ ಅದೇ ಗೇರು: ಹಳೇ ಡ್ರೈವರ್‌ಗಳು ಹೇಳೋ ಈ ಮಾತು ಇವತ್ತಿಗೂ ಸರಿ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನ ಹಿಡಿದುಕೊಳ್ಳಲಿ, ಬ್ರೇಕನ್ನ ಆಗಾಗ ಒತ್ತಿ ಬಿಡಿ. ಸಕಲೇಶಪುರ ದಾಟಿ ಗುಂಡ್ಯವರೆಗೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದ್ರೆ ಪ್ಯಾಡ್ ಸುಟ್ಟ ವಾಸನೆ ಬರುತ್ತೆ. ಆ ವಾಸನೆ ಬಂತು ಅಂದ್ರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲಿ. ನೀರು ಮಾತ್ರ ಸುರಿಯಬೇಡಿ.

ನ್ಯೂಟ್ರಲ್ ಹಾಕಿ ಇಳಿಯೋದು, ಡೀಸೆಲ್ ಉಳಿಸ್ತೀನಿ ಅಂತ ಎಂಜಿನ್ ಆಫ್ ಮಾಡೋದು ಪ್ರಾಣಕ್ಕೆ ಅಪಾಯ. ಬ್ರೇಕ್ ಹಗುರವಾಗಿ ಒತ್ತೋಕೆ ಸಹಾಯ ಮಾಡೋ ವ್ಯಾಕ್ಯೂಮ್ ಪಂಪ್ ಡೀಸೆಲ್ ಗಾಡಿಗಳಲ್ಲಿ ಎಂಜಿನ್ನಿಂದಲೇ ನಡೆಯುತ್ತೆ. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನಂತಾಗುತ್ತೆ, ಸ್ಟೀರಿಂಗೂ ಬಿಗಿಯುತ್ತೆ.

ಹತ್ತಿ ಬಂದು ಚಹಾಕ್ಕೆ ನಿಲ್ಲಿಸಿದಾಗ ತಕ್ಷಣ ಕೀ ತಿರುಗಿಸಬೇಡಿ. ಟರ್ಬೋ ನಿಮಿಷಕ್ಕೆ ಲಕ್ಷದ ಮೇಲೆ ಸುತ್ತು ತಿರುಗೋ ಸಾಮಾನು, ಅದರ ಬೇರಿಂಗಿಗೆ ಎಂಜಿನ್ ಆಯಿಲೇ ಆಧಾರ. ಒಂದು ನಿಮಿಷ ಸುಮ್ಮನೆ ಓಡಲಿ, ಆಮೇಲೆ ಆಫ್ ಮಾಡಿ. ನೀರು ನಿಂತ ರಸ್ತೆಯಲ್ಲಿ ಗಾಡಿ ನಿಂತುಹೋದ್ರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿಗೆ ನೀರು ಹೋಗಿದ್ರೆ ಆ ಒಂದು ಸೆಲ್ಫಿಗೇ ಕನೆಕ್ಟಿಂಗ್ ರಾಡ್ ಬಾಗಬಹುದು. ತಳ್ಳಿ ಹೊರಗೆ ತಂದು ಮೆಕ್ಯಾನಿಕ್‌ಗೆ ತೋರಿಸೋದೇ ದಾರಿ.

ಹೊಗೆ ನೋಡಿ, ಶಬ್ದ ಕೇಳಿ

ಹಳೇ ಗಾಡಿ ಹೇಳದೆ ಕೇಳದೆ ಕೆಡೋದು ಕಡಿಮೆ. ಸಾಮಾನ್ಯವಾಗಿ ಮುಂಚೆಯೇ ಸೂಚನೆ ಕೊಟ್ಟಿರುತ್ತೆ.

ಓವರ್‌ಟೇಕ್ ಮಾಡುವಾಗ ಸ್ವಲ್ಪ ಕಪ್ಪು ಹೊಗೆ ಬಿಎಸ್-3, ಬಿಎಸ್-4 ಡೀಸೆಲ್‌ಗಳಲ್ಲಿ ಕಾಣುತ್ತೆ. ಅದು ಜಾಸ್ತಿಯಾದ್ರೆ ಏರ್ ಫಿಲ್ಟರ್ ಕಟ್ಟಿದೆ, ಟರ್ಬೋ ಪೈಪ್ ಸೋರ್ತಿದೆ ಅಥವಾ ಇಂಜೆಕ್ಟರ್ ಸೋತಿದೆ. ನೀಲಿ ಹೊಗೆ ಅಂದ್ರೆ ಎಂಜಿನ್ ತನ್ನ ಆಯಿಲನ್ನೇ ಸುಡ್ತಿದೆ. ಚಳಿಯ ಬೆಳಿಗ್ಗೆ ಎರಡು ನಿಮಿಷ ಬಿಳಿ ಹೊಗೆ ಬಂದ್ರೆ ಪರವಾಗಿಲ್ಲ. ಬಿಸಿಯಾದ ಮೇಲೂ ಬರ್ತಾ ಇದ್ದು, ಕೂಲೆಂಟೂ ಕಡಿಮೆ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ.

ನೀಲಿ ಹೊಗೆಯನ್ನ ಹಗುರವಾಗಿ ತಗೊಳ್ಳಬೇಡಿ. ಟರ್ಬೋದ ಸೀಲ್ ಪೂರ್ತಿ ಹೋದ್ರೆ ಎಂಜಿನ್ ತನ್ನ ಆಯಿಲನ್ನೇ ಇಂಧನ ಮಾಡಿಕೊಂಡು, ಕೀ ತೆಗೆದರೂ ನಿಲ್ಲದೆ ರೇಸ್ ಆಗ್ತಾ ಹೋಗಬಹುದು. ಅಪರೂಪ, ಆದ್ರೆ ಡೀಸೆಲ್ ಓಡಿಸೋರಿಗೆ ಗೊತ್ತಿರಬೇಕು. ಗಾಡಿಯನ್ನ ಪಕ್ಕಕ್ಕೆ ತಂದು ನಿಲ್ಲಿಸಿ, ಬ್ರೇಕ್ ಗಟ್ಟಿಯಾಗಿ ಒತ್ತಿಹಿಡಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಮ್ಯಾನುಯಲ್ ಗಾಡಿಯ ಎಂಜಿನ್ ಉಸಿರುಕಟ್ಟಿ ನಿಲ್ಲುತ್ತೆ.

ಮುಳ್ಳು ಮೇಲೇರ್ತಿದ್ರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಇಡಿ. ಬೆವರು ಸುರಿಯುತ್ತೆ ನಿಜ, ಆದ್ರೆ ಎಂಜಿನ್ನಿನ ಬಿಸಿ ಸ್ವಲ್ಪ ಹೊರಬರುತ್ತೆ. ಜಾಗ ನೋಡಿ ನಿಲ್ಲಿಸಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರಿದ್ದಾರೆ. ಕಾಯೋದೊಂದೇ ಉಪಾಯ.

ನಿಂತೇ ಹೋಯ್ತು, ಈಗ?

ನಂಬಿಕೆ ಅಂದ್ರೆ "ಕೆಡೋದೇ ಇಲ್ಲ" ಅನ್ನೋ ಭರವಸೆ ಅಲ್ಲ, ಕೆಟ್ಟರೂ ನಿಭಾಯಿಸ್ತೀವಿ ಅನ್ನೋ ತಯಾರಿ. ಹಜಾರ್ಡ್ ಲೈಟ್ ಹಾಕಿ ಎಡಕ್ಕೆ ತನ್ನಿ. ಕೂತಿರೋರನ್ನೆಲ್ಲ ಎಡಗಡೆಯಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಕೆಂಪು ತ್ರಿಕೋನವನ್ನ ಐವತ್ತು ಮೀಟರ್ ಆದರೂ ಹಿಂದೆ ಇಡಿ, ತಿರುವಿನಲ್ಲಾದ್ರೆ ತಿರುವಿಗೂ ಮುಂಚೆ ಇಡಿ. ರಾಷ್ಟ್ರೀಯ ಹೆದ್ದಾರಿಗೆ 1033 ಸಹಾಯವಾಣಿ, ಅಪಘಾತ ಅಥವಾ ಬೇರೆ ಅಪಾಯ ಇದ್ರೆ 112.

ಇನ್ಶೂರೆನ್ಸ್ ಜೊತೆ ರೋಡ್ ಸೈಡ್ ಅಸಿಸ್ಟೆನ್ಸ್ ತಗೊಂಡಿದ್ರೆ ಟೋಯಿಂಗ್ ಎಷ್ಟು ಕಿಲೋಮೀಟರ್ ತನಕ ಉಚಿತ ಅಂತ ಹೊರಡೋಕೆ ಮುಂಚೆಯೇ ಓದಿಕೊಳ್ಳಿ. ಘಾಟಿಯಲ್ಲಿ ನೆಟ್‌ವರ್ಕ್ ಹೋಗೋದು ಸಾಮಾನ್ಯ. ಪಾಲಿಸಿ ನಂಬರ್, ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿನಲ್ಲಿಡಿ. ಡಿಕ್ಕಿಯಲ್ಲಿ ಒಂದು ಲೀಟರ್ ಆಯಿಲ್, ಎರಡು ಲೀಟರ್ ಕೂಲೆಂಟ್, ಹೊಸ ಫ್ಯಾನ್ ಬೆಲ್ಟ್, ಫ್ಯೂಸ್‌ಗಳು, ಟಾರ್ಚ್, ಜಂಪರ್ ಕೇಬಲ್, ಕುಡಿಯೋ ನೀರು. ಹಳೇ ಗಾಡಿಗೆ ಇನ್ನೊಂದು ಅನುಕೂಲವೂ ಇದೆ: ಇವು ನಮ್ಮ ರಸ್ತೆಗಳಲ್ಲಿ ಅಷ್ಟು ಓಡಿವೆ, ಹಾಸನದಲ್ಲೂ ಶಿರಸಿಯಲ್ಲೂ ಇದರ ಕೆಲಸ ಗೊತ್ತಿರೋ ಕೈಗಳು ಸಿಗ್ತವೆ, ಸಾಮಾನೂ ಸಿಗುತ್ತೆ.

ತಲುಪಿಸುತ್ತೆ ಸರಿ, ಕಾಪಾಡುತ್ತಾ?

ಮನೆಯ ವಾದಗಳಲ್ಲಿ ಯಾರೂ ಎತ್ತದ ಪ್ರಶ್ನೆ ಇದು. ನಾವು ಕೇಳೋದು "ಕೆಡುತ್ತಾ?" ಅಂತ. ಕೇಳಬೇಕಾದ್ದು "ಏನಾದ್ರೂ ಆದ್ರೆ ಒಳಗಿರೋರ ಗತಿ ಏನು?" ಅಂತ. ಭಾರತದಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಅದೇ ಜುಲೈನಿಂದ. ಅದಕ್ಕೂ ಮುಂಚಿನ ಕೆಳ ದರ್ಜೆಯ ಎಷ್ಟೋ ಮಾಡೆಲ್‌ಗಳಲ್ಲಿ ಇವೆರಡೂ ಇಲ್ಲ. ಎಂಜಿನ್ ಎಷ್ಟೇ ನುಣುಪಾಗಿ ಓಡಲಿ, ಈ ಕೊರತೆಯನ್ನ ಯಾವ ಸರ್ವೀಸೂ ತುಂಬಲ್ಲ.

ಹಾಗಾಗಿ ಎಬಿಎಸ್ ಇಲ್ಲದ ಗಾಡಿಯಲ್ಲಿ ಮಳೆಯಲ್ಲಿ, ರಾತ್ರಿಯಲ್ಲಿ ಘಾಟಿ ಬೇಡ. ವೇಗ 80ರ ಒಳಗಿರಲಿ. ಹಿಂದೆ ಕೂತ ಅಜ್ಜಿಗೂ ಬೆಲ್ಟ್ ಹಾಕಿಸಿ, "ಹೊಟ್ಟೆ ಬಿಗಿಯುತ್ತೆ ಕಣೋ" ಅಂದ್ರೂ ಬಿಡಬೇಡಿ. ಮಗುವನ್ನ ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳೋದು ಯಾವ ಗಾಡಿಯಲ್ಲೂ ಬೇಡ.

ಇನ್ನೊಂದು ಸತ್ಯ ಹೊಗೆಯದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹಳೇ ಗಾಡಿಗಳಲ್ಲಿ ಈಗಿನ ಬಿಎಸ್-6 ಡೀಸೆಲ್‌ಗಳಲ್ಲಿರೋ ಮಸಿ ಹಿಡಿಯೋ ಫಿಲ್ಟರ್ ಸಾಮಾನ್ಯವಾಗಿ ಇರಲ್ಲ. ಊರಿನ ಓಟಕ್ಕೆ ಹಳೇ ಡೀಸೆಲ್, ಆಫೀಸಿಗೆ ಮೆಟ್ರೋ ಅಂತ ಹಂಚಿಕೊಂಡ್ರೆ ಗಾಡಿಯ ಆಯಸ್ಸಿಗೂ ಒಳ್ಳೇದು, ಬೀದಿಯ ಮಕ್ಕಳ ಶ್ವಾಸಕೋಶಕ್ಕೂ ಒಳ್ಳೇದು.

ದುಡ್ಡು, ಕಾಗದ, ತೀರ್ಮಾನ

ಎಂಟು ಲಕ್ಷದ ಸಾಲವನ್ನ 9.5% ಬಡ್ಡಿಗೆ ಐದು ವರ್ಷಕ್ಕೆ ತಗೊಂಡ್ರೆ ಇಎಂಐ ಸುಮಾರು 16,800 ರೂಪಾಯಿ, ವರ್ಷಕ್ಕೆ ಎರಡು ಲಕ್ಷ. ಹಳೇ ಗಾಡಿಗೆ ವರ್ಷಕ್ಕೆ 50 ಸಾವಿರ ಸುರಿದರೂ ಅದು ಅಗ್ಗವೇ. ಆದ್ರೆ ಒಂದೇ ರಿಪೇರಿಯ ಬಿಲ್ಲು ಗಾಡಿಯ ಮಾರುಕಟ್ಟೆ ಬೆಲೆಯ ಅರ್ಧ ದಾಟಿತು ಅಂದ್ರೆ, ಅಥವಾ ಚಾಸಿಗೇ ತುಕ್ಕು ಹಿಡಿದಿದೆ ಅಂದ್ರೆ, ಪ್ರೀತಿಯನ್ನ ಪಕ್ಕಕ್ಕಿಟ್ಟು ಯೋಚಿಸಿ. ಕರಾವಳಿಯಲ್ಲಿ ಇದ್ದ ಗಾಡಿಗಳ ತಳವನ್ನ ರ‍್ಯಾಂಪ್ ಹತ್ತಿಸಿಯೇ ನೋಡಬೇಕು.

ಹದಿನೈದು ವರ್ಷಕ್ಕೆ ಆರ್‌ಟಿಒಗೆ ಗಾಡಿ ತೋರಿಸಿ ಆರ್‌ಸಿ ನವೀಕರಿಸಬೇಕು, ಅದು ಐದು ವರ್ಷಕ್ಕೆ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು, ಹಸಿರು ತೆರಿಗೆ ಬೇರೆ. ಆರ್‌ಸಿ ಮುಗಿದ ಗಾಡಿ ಅಪಘಾತಕ್ಕೆ ಸಿಕ್ಕರೆ ಇನ್ಶೂರೆನ್ಸ್ ತಕರಾರು ಬರಬಹುದು, ಆದ್ದರಿಂದ ದಿನಾಂಕ ನೋಡಿಕೊಳ್ಳಿ. ಎಮಿಷನ್ ಸರ್ಟಿಫಿಕೇಟೂ ಚಾಲ್ತಿಯಲ್ಲಿರಲಿ. ಉತ್ತರ ಭಾರತದ ರೋಡ್ ಟ್ರಿಪ್ ಕನಸಿದ್ರೆ ಒಂದು ಎಚ್ಚರಿಕೆ: ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ನಿಷೇಧವನ್ನ 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಆಮೇಲೂ ಅಲ್ಲಿ ನಿಯಮ ಬದಲಾಗ್ತಾ ಬಂದಿದೆ. ಹೊರಡೋ ವಾರ ಏನಿದೆ ಅಂತ ವಿಚಾರಿಸದೆ ಹೋಗಬೇಡಿ.

ನಮ್ಮ ಮನೆಯಲ್ಲಿ ಕೊನೆಗೆ ಒಂದು ನೋಟ್‌ಬುಕ್ ಮಾಡಿದ್ವಿ. ಯಾವ ದಿನ, ಎಷ್ಟು ಕಿ.ಮೀ.ಗೆ ಏನು ಬದಲಾಯ್ತು, ಎಷ್ಟು ಡೀಸೆಲ್ ಕುಡೀತು, ಸಾವಿರ ಕಿ.ಮೀ.ಗೆ ಆಯಿಲ್ ಎಷ್ಟು ಇಳೀತು, ಎಲ್ಲ ಅದರಲ್ಲಿದೆ. ಈಗ ಗಾಡಿಯ ಬಗ್ಗೆ ಜಗಳ ಬಂದ್ರೆ ಆ ಪುಸ್ತಕ ತೆಗೀತೀವಿ. ಆಯಿಲ್ ಇಳಿಯೋದು ಸ್ಥಿರವಾಗಿದೆ, ಬೆಲ್ಟು ಪೈಪು ಹೊಸತು, ಬ್ರೇಕ್ ಆಯಿಲ್ ಆರು ತಿಂಗಳ ಹಿಂದಿನದು ಅಂತ ಕಂಡ್ರೆ ಹೊರಡ್ತೀವಿ. ಆರ್‌ಸಿಯನ್ನ ಇನ್ನೈದು ವರ್ಷಕ್ಕೆ ನವೀಕರಿಸೋದು ಅಂತಲೂ ತೀರ್ಮಾನ ಆಗಿದೆ.

ಅದರ ಜೊತೆ ಇನ್ನೊಂದು ನಿರ್ಧಾರವೂ ಆಯ್ತು. ತಂಗಿಯ ಮಗುವಿಗೆ ಈಗ ಎಂಟು ತಿಂಗಳು. ನಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ. ಮಗು ಬರೋ ಪ್ರಯಾಣಗಳಿಗೆ ಹೊಸ ಗಾಡಿ ಬಾಡಿಗೆಗೆ ತರೋದು, ಇಲ್ಲ ಹಗಲು ರೈಲು ಹಿಡಿಯೋದು. ಅಪ್ಪನಿಗೆ ಮೊದಲು ಬೇಜಾರಾಯ್ತು. ಆಮೇಲೆ ಅವರೇ ಪುಸ್ತಕದ ಕೊನೇ ಪುಟದಲ್ಲಿ ಬರೆದಿಟ್ಟರು: "ಮಗು ಇದ್ದಾಗ ಬೇಡ. ರಾತ್ರಿ ಘಾಟಿ ಬೇಡ. ಉಳಿದಂತೆ ಹೋಗಬಹುದು."